ಬಾಗಿಲು ತಟ್ಟುವ ಫ್ರಿಜ್

ವರ್ಲೀನ್ ಟಿಬ್ಸ್ ಯಾರ ಮನೆಗೆ ಸಂದರ್ಶನಕ್ಕೆ ಹೋದರೂ ಕೊನೆಯಲ್ಲಿ ಒಂದು ನಿಮಿಷ ಎಲ್ಲರ ಬಾಯಿಗೂ ಬೀಗ ಹಾಕಿಸುತ್ತಿದ್ದಳು. ಅಳುತ್ತಿದ್ದವರು ಮೂಗು ಒರೆಸಿಕೊಂಡು ಸುಮ್ಮನಾಗಬೇಕು, ಮಕ್ಕಳನ್ನು ಅಂಗಳಕ್ಕೆ ಅಟ್ಟಬೇಕು, ನಾಯಿಯ ಬಾಯಿಗೆ ಒಂದು ಬಿಸ್ಕತ್ತು ತುರುಕಬೇಕು. ರೆಕಾರ್ಡರ್ ಮಾತ್ರ ಓಡುತ್ತಿರುತ್ತದೆ. "ಮನುಷ್ಯರ ಮಾತು ಮುಗೀತು. ಈಗ ಈ ಮನೆ ಏನು ಹೇಳುತ್ತೋ ಕೇಳೋಣ," ಎಂದು ಅವಳು ಗಡಿಯಾರ ನೋಡುತ್ತ ಕೂರುತ್ತಿದ್ದಳು.

ಇದು ಹುಚ್ಚಲ್ಲ, ಕಸುಬು. ಪ್ರತಿ ಕೋಣೆಗೂ ಅದರದೇ ಒಂದು ಮೌನ ಇರುತ್ತದೆ. ಒಬ್ಬರ ಮಾತನ್ನು ನಡುವೆ ಕತ್ತರಿಸಿ ಜೋಡಿಸಿದರೆ ಕತ್ತರಿ ಬಿದ್ದ ಜಾಗದಲ್ಲಿ ಸದ್ದೆಲ್ಲ ಸತ್ತು, ಕೇಳುವವರ ಕಿವಿ ಎಡವಿಬೀಳುತ್ತದೆ. ಅದರ ಕೆಳಗೆ ಅದೇ ಕೋಣೆಯ ಮೌನವನ್ನು ಅಸ್ತರಿನ ಹಾಗೆ ಹೊಲಿದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅಲಬಾಮಾದ ಬಾಸ್ಕಂ ಊರಿನಲ್ಲಿ, ಕ್ಷೌರದಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿದ್ದ ಆ ರೇಡಿಯೋ ಸ್ಟೇಷನ್ನಿನಲ್ಲಿ, ವರ್ಲೀನಳಷ್ಟು ಸಣ್ಣಗೆ ಹೊಲಿಯುವವರು ಇನ್ನೊಬ್ಬರಿರಲಿಲ್ಲ. ಹೊಲಿಯುವವರೇ ಇನ್ನೊಬ್ಬರಿರಲಿಲ್ಲ ಅನ್ನಿ.

ಸೋಮವಾರದಿಂದ ಶುಕ್ರವಾರದವರೆಗೆ ಅವಳು ಹಳದಿ ಶಾಲಾ ಬಸ್ಸಿನ ಡ್ರೈವರ್. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ 'ನಮ್ಮ ಸರದಿ' ಕಾರ್ಯಕ್ರಮದ ಒಡತಿ. ಹತ್ತೊಂಬತ್ತು ವರ್ಷ ಒಂದು ಶನಿವಾರವನ್ನೂ ತಪ್ಪಿಸಿರಲಿಲ್ಲ. ರೈಲುಹಳಿಯ ಈಚೆ, ಕಪ್ಪು ಜನರ ಕೇರಿಯ ನಲ್ಲಿಯಲ್ಲಿ ಕಂದು ನೀರು ಬಂದಾಗ, ಮತದಾನದ ಕೇಂದ್ರವನ್ನು ಎತ್ತಿ ಹನ್ನೊಂದು ಮೈಲಿ ಆಚೆ ಇಟ್ಟಾಗ, ಪೊಲೀಸರು ಒಂದೇ ಹುಡುಗನ ಕಾರನ್ನು ತಿಂಗಳಲ್ಲಿ ಒಂಬತ್ತು ಸಲ ನಿಲ್ಲಿಸಿದಾಗ, ಮೈಕು ಹಿಡಿದು ಹೋದವಳು ಅವಳೇ. ದೊಡ್ಡ ಟಿವಿಯವರು ಯಾರಾದರೂ ಸತ್ತ ಮೇಲೆ ಬಂದು, ಸತ್ತವನ ತಾಯಿಯನ್ನು ಮೂರು ದಿನ ಅಳಿಸಿ, ನಾಲ್ಕನೇ ದಿನ ಹೋಗುತ್ತಿದ್ದರು. ವರ್ಲೀನ್ ಅಲ್ಲೇ ಇರುತ್ತಿದ್ದಳು. ಆ ಹೆಮ್ಮೆ ಅವಳಿಗೆ ಇತ್ತು, ಇರಬೇಕಾದ್ದಕ್ಕಿಂತ ಒಂದು ಚೂರು ಜಾಸ್ತಿಯೇ ಇತ್ತು.

ಈ ಸಲ ಸತ್ತವನು ಕಾರ್ಟ್ರೆಲ್ ಮೀಕ್ಸ್, ಇಪ್ಪತ್ತೆರಡು ವರ್ಷದವನು. ಟ್ರಾಫಿಕ್ ಕೇಸೊಂದರಲ್ಲಿ ಕೋರ್ಟಿನ ತಾರೀಕು ಮರೆತಿದ್ದಕ್ಕೆ ಕೌಂಟಿ ಜೈಲಿಗೆ ಹೋದವನು ಐದನೇ ದಿನ ಹೆಣವಾಗಿ ಬಂದ. ಅವನಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ಜೀವ ನಿಲ್ಲುತ್ತಿರಲಿಲ್ಲ. 'ಕೈದಿಯು ಔಷಧಿ ಬೇಡ ಎಂದು ತಾನೇ ನಿರಾಕರಿಸಿದ್ದಾನೆ' ಎಂದು ಆ ಜೈಲು ನಡೆಸುವ ಪೊಲೀಸ್ ಮುಖ್ಯಸ್ಥ, ಕೌಂಟಿಯ ಶೆರಿಫ್, ಎರಡು ಸಾಲಿನ ಹೇಳಿಕೆ ಕೊಟ್ಟು ಕೈ ತೊಳೆದುಕೊಂಡ. ಆ ಹುಡುಗ ಹನ್ನೊಂದು ವರ್ಷ ವರ್ಲೀನಳ ಬಸ್ಸಿನಲ್ಲಿ ಎರಡನೇ ಸೀಟಿನಲ್ಲಿ ಕೂತು ಶಾಲೆಗೆ ಹೋಗಿದ್ದ. ಏಳನೇ ವಯಸ್ಸಿಗೇ ಕಣ್ಣು ಮಿಟುಕಿಸದೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದ. ಅವನು ಬೇಡ ಅಂದನಂತೆ!

ಬೇಲಿಯೇ ಎದ್ದು ಹೊಲ ಮೇಯ್ದಾಗ ನೋಡಿದವರು ಯಾರಾದರೂ ಇರಲೇಬೇಕು. ನೋಡಿದವಳು ಒಜೆಲ್ಲಾ ಗೇನ್ಸ್ ಎಂದು ವರ್ಲೀನಳಿಗೆ ಗೊತ್ತಾದದ್ದು ಚರ್ಚಿನಲ್ಲಿ. ಹಾಡಿನ ನಡುವೆ ಕಾರ್ಟ್ರೆಲನ ಹೆಸರು ಬಂದಾಗ ಒಜೆಲ್ಲಾ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇಬ್ಬರೂ ಮೂವತ್ತು ವರ್ಷದ ಗೆಳತಿಯರು, ಹಾಡುವಾಗ ಅಕ್ಕಪಕ್ಕ ನಿಲ್ಲುವವರು. ಒಜೆಲ್ಲಾ ಆ ಜೈಲಿನ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದಳು. ಗತಿಯಿಲ್ಲದೆ ಸೇರಿದ್ದಲ್ಲ. ಅವಳ ಒಬ್ಬನೇ ಮಗ ಕಾರ್ವರ್ ತಾಮ್ರದ ತಂತಿ ಕದ್ದ ಆರೋಪದ ಮೇಲೆ ಹನ್ನೊಂದು ತಿಂಗಳಿನಿಂದ ಅಲ್ಲೇ ವಿಚಾರಣೆಗೆ ಕಾಯುತ್ತಿದ್ದ. ಮಗನ ತಟ್ಟೆ ತನ್ನ ಕೈಯಿಂದಲೇ ಹೋಗಲಿ, ಮೆಕ್ಕೆಜೋಳದ ಗಂಜಿ ಒಂದು ಸೌಟು ಹೆಚ್ಚೇ ಬೀಳಲಿ ಎಂದು ಸೇರಿದ್ದಳು.

ಗುರುವಾರ ಮಧ್ಯಾಹ್ನ ವರ್ಲೀನ್ ರೆಕಾರ್ಡರ್ ಹಿಡಿದು ಅವಳ ಅಡಿಗೆಮನೆಗೆ ಹೋದಳು.

"ನನ್ನ ದನಿ ಬೇಡ," ಅಂದಳು ಒಜೆಲ್ಲಾ, ತಣ್ಣನೆಯ ಸಿಹಿ ಚಹಾದ ಲೋಟವನ್ನು ಮುಂದೆ ತಳ್ಳುತ್ತ. "ಹೆಸ್ರು ಬೇಡ. ಅಡಿಗೆಮನೆ, ತಟ್ಟೆ, ಸೌಟು ಒಂದೂ ಬೇಡ. ಜೈಲಲ್ಲಿ ಕೆಲ್ಸ ಮಾಡೋರೊಬ್ರು ಹೇಳಿದ್ರು ಅನ್ನು. ನಲವತ್ತು ಜನ ಇದೀವಿ ಅಲ್ಲಿ, ಹುಡುಕ್ಕೊಳ್ಲಿ."

"ನಿನ್ನ ಮಾತನ್ನ ನನ್ನ ದನೀಲಿ ನಾನೇ ಓದ್ತೀನಿ. ಹಾವೂ ಸಾಯ್ಲಿ, ಕೋಲೂ ಮುರೀದೇ ಇರ್ಲಿ."

"ಕೋಲು ಮುರಿದ್ರೆ ಮುರೀಲಿ ಬಿಡೇ. ನನ್ನ ಮಗ ಅವರ ಕೈಲಿದಾನೆ. ಬೈಬಲ್ ಮೇಲೆ ಕೈಯಿಟ್ಟು ಹೇಳು."

"ಎಲ್ಲಿದೆ ಬೈಬಲ್?"

"ಫ್ರಿಜ್ ಮೇಲಿದೆ ನೋಡು."

ವರ್ಲೀನ್ ಎದ್ದು ಫ್ರಿಜ್ಜಿನ ಮೇಲಿನ ಬೈಬಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಅಷ್ಟರಲ್ಲಿ ಫ್ರಿಜ್ಜಿನ ಮೋಟಾರು ನಿಂತು, ಒಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ಬಡಿದಂತೆ ಮೂರು ಸಲ ಸದ್ದಾಯಿತು. ಟಕ್. ಟಕ್. ಟಕ್.

"ಬಾಗ್ಲು ತೆಗ್ದೇ ಇದೆ, ಬಾರಪ್ಪಾ!" ಎಂದರು ಇಬ್ಬರೂ ಒಟ್ಟಿಗೆ, ಮತ್ತು ನಗು ತಡೆಯಲಾರದೆ ನಕ್ಕರು.

ಹಸಿರು ಬಣ್ಣದ ಆ ಹಳೇ ಫ್ರಿಜ್ ಇಪ್ಪತ್ತೈದು ವರ್ಷದಿಂದ ಹಾಗೇ ತಟ್ಟುತ್ತಿತ್ತು. ಅದಕ್ಕೆ ಉತ್ತರ ಕೊಡುವ ಆಟವನ್ನು ಶುರುಮಾಡಿದವನು ಪಕ್ಕದ ಮನೆಯ ಜೆರೆಲ್, ಎಂಟು ವರ್ಷದವನಿದ್ದಾಗ. ಅವನ ತಾಯಿ ಕೋಳಿ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದುದರಿಂದ ಅವನೂ ಕಾರ್ವರನೂ ಒಂದೇ ಮೇಜಿನಲ್ಲಿ ಉಂಡು, ಒಂದೇ ಮಂಚದಲ್ಲಿ ಮಲಗಿ ಬೆಳೆದರು. ಮನೆಗೆ ಬಂದವರೆಲ್ಲ ಆ ಆಟ ಕಲಿತರು, ಪಾದ್ರಿ ಕೂಡ. ಈಗ ಒಬ್ಬ ಜೈಲಿನ ಕಂಬಿಯ ಒಳಗೆ, ಇನ್ನೊಬ್ಬ ಕಂಬಿಯ ಹೊರಗೆ ಕಾವಲಿಗೆ. ಜೆರೆಲ್ ಈಗ ಶೆರಿಫನ ಕೈಕೆಳಗಿನ ಡೆಪ್ಯುಟಿ, ಸೊಂಟದಲ್ಲಿ ಪಿಸ್ತೂಲು ಕಟ್ಟಿಕೊಂಡು ಓಡಾಡುತ್ತಾನೆ.

ಒಜೆಲ್ಲಾ ನಗು ಒರೆಸಿಕೊಂಡು ಹೇಳತೊಡಗಿದಳು.

"ಆ ವಾರ ಬುಧವಾರದಿಂದ ಕಾರ್ಟ್ರೆಲ್ ತಟ್ಟೆ ಮುಟ್ಟಿರ್ಲಿಲ್ಲ. ಬಾಗ್ಲಿನ ಕಿಂಡಿಯಿಂದ ಕೈ ಹೊರಗೆ ಹಾಕ್ಕೊಂಡು ಮಲಗಿದ್ದ. 'ಮಿಸ್ ಒಜೆಲ್ಲಾ, ನನ್ನ ಸೂಜಿ ಕೊಡೋಕೆ ಹೇಳಿ' ಅಂದ. ಹೇಳ್ದೆ. ನರ್ಸಿಗೂ ಹೇಳ್ದೆ, ಪಾಳಿಯವನಿಗೂ ಹೇಳ್ದೆ. 'ನಿನ್ನ ಗಂಜಿ ನೋಡ್ಕೋ' ಅಂದ್ರು. ಗುರುವಾರ ಮಧ್ಯಾಹ್ನ ಹೋದಾಗ ಬಾಗ್ಲಿಗೆ ಸಿಗಿಸಿದ್ದ ಔಷಧಿ ಹಾಳೆ ನೋಡ್ದೆ. ಗುರುವಾರ, ಬೇಡ ಅಂದ. ಶುಕ್ರವಾರ, ಬೇಡ ಅಂದ. ಶನಿವಾರ, ಬೇಡ ಅಂದ. ಸಹಿ, ಸಹಿ, ಸಹಿ." ಅವಳು ಮೇಜಿನ ಮೇಲೆ ಬೆರಳಿಂದ ಮೂರು ಗೆರೆ ಎಳೆದಳು. "ವರ್ಲೀನ್, ಅವತ್ತಿನ್ನೂ ಗುರುವಾರ ಕಣೇ. ಶನಿವಾರ ಬೇಡ ಅನ್ನೋಕೆ ಆ ಮಗು ಬದುಕೇ ಇರ್ಲಿಲ್ಲ."

ವರ್ಲೀನಳಿಗೆ ಬಸ್ಸಿನ ಎರಡನೇ ಸೀಟು ಕಣ್ಣ ಮುಂದೆ ಬಂದು ನಿಂತಿತು. ಬೇರೇನೂ ತೋಚದೆ, ರೂಢಿಯಂತೆ ತನ್ನ ನಿಮಿಷ ಕೇಳಿದಳು. ಇಬ್ಬರೂ ಸುಮ್ಮನೆ ಕೂತರು. ನಡುವೆ ಫ್ರಿಜ್ ಮತ್ತೆ ಮೂರು ಸಲ ತಟ್ಟಿತು. ಒಜೆಲ್ಲಾಳ ತುಟಿ ತಾನಾಗಿಯೇ ಅಲುಗಿತು. ವರ್ಲೀನ್ ಶ್ ಎಂದು ಬೆರಳೆತ್ತಿದಳು.

ಶುಕ್ರವಾರ ಬಸ್ಸು ನಿಲ್ಲಿಸಿ ಬಂದು ಸ್ಟೇಷನ್ನಿನಲ್ಲಿ ಕೂತು ಒಜೆಲ್ಲಾಳ ಮಾತನ್ನು ತನ್ನ ದನಿಯಲ್ಲಿ ಓದಿ ರೆಕಾರ್ಡ್ ಮಾಡಿದಳು. ಆ ಕೋಣೆಯ ಗೋಡೆಗೆ ಸದ್ದು ಹೀರಲಿ ಎಂದು ಅವಳ ತಾಯಿಯ ಹಳೇ ಕೌದಿಗಳನ್ನು ತೂಗುಹಾಕಿದ್ದರು. ಅಲ್ಲಿ ಓದಿದ್ದು ಒಣಗಿದ ರೊಟ್ಟಿಯಂತೆ ಕೇಳಿಸಿತು. ಹವಾಮಾನ ವರದಿಗೂ ಒಬ್ಬ ಹುಡುಗನ ಸಾವಿಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಇದನ್ನು ಯಾರು ನಂಬುತ್ತಾರೆ? ಮುದುಕಿ ಕಟ್ಟಿದ ಕಥೆ ಎಂದು ಶೆರಿಫ್ ನಕ್ಕರೆ? ಅವಳ ಕೈ ತಾನಾಗಿ ಹೋಗಿ ಗುರುವಾರದ ಆ ಒಂದು ನಿಮಿಷವನ್ನು ತೆಗೆದು ಓದಿನ ಕೆಳಗೆ ಹಾಸಿತು. ಒಮ್ಮೆಗೇ ಜೀವ ಬಂತು. ಯಾರೋ ನಿಜವಾದ ಮನೆಯಲ್ಲಿ, ನಿಜವಾದ ಮೇಜಿನ ಮುಂದೆ ಕೂತು ಹೇಳುತ್ತಿದ್ದಾರೆ ಅನ್ನಿಸಿತು.

ಮೂರು ಸಲ ಕೇಳಿದಳು, ಕಿವಿಯನ್ನು ಕತ್ತಿಯಷ್ಟು ಚೂಪು ಮಾಡಿಕೊಂಡು. ಹೆಸರಿಲ್ಲ. ತಟ್ಟೆಯಿಲ್ಲ. ಅಡಿಗೆಮನೆಯಿಲ್ಲ. ಕಿಂಡಿಯ ಮಾತನ್ನೂ ತೆಗೆದಿದ್ದಳು. ಫ್ರಿಜ್ ತಟ್ಟಿದ್ದು? ಅದು ಅವಳ ಕಿವಿಗೆ ಬಿತ್ತು. ಬೀಳಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. 'ಅವತ್ತಿನ್ನೂ ಗುರುವಾರ' ಎಂಬ ಮಾತು ಮುಗಿದು ಎರಡು ಉಸಿರಿನ ಬಿಡುವಿನಲ್ಲಿ, ಹೇಳಿ ಮಾಡಿಸಿದ ಹಾಗೆ, ಟಕ್ ಟಕ್ ಟಕ್ ಎಂದು ಬಂತು. ಜೈಲಿನ ಬಾಗಿಲನ್ನು ಒಳಗಿಂದ ಆ ಹುಡುಗನೇ ತಟ್ಟಿದಂತೆ. ಅವಳ ಮೈಮೇಲೆ ಮುಳ್ಳೆದ್ದವು. ತೆಗೆಯಲು ಹೋದ ಬೆರಳು ನಿಂತಿತು. ಫ್ರಿಜ್ ಯಾರ ಮನೆಯಲ್ಲಿಲ್ಲ, ಇರಲಿ ಬಿಡು ಎಂದುಕೊಂಡಳು.

ಶನಿವಾರ ಹಳಿಯ ಈಚೆಯ ಮನೆಮನೆಯಲ್ಲೂ ರೇಡಿಯೋ ಹಾಡಿತು. ಹಳಿಯ ಆಚೆ ಬಿಳಿಯರೂ ಕೇಳಿದರು, ಬಾಗಿಲು ಹಾಕಿಕೊಂಡು. ಭಾನುವಾರ ಚರ್ಚಿನಲ್ಲಿ ಕಾರ್ಟ್ರೆಲನ ತಾಯಿ ಡೆಲೋರಿಸ್ ಬಂದು ವರ್ಲೀನಳ ಎರಡೂ ಕೈ ಹಿಡಿದು ನಿಂತಳು. ರಾಜಧಾನಿಯ ಪತ್ರಿಕೆಯವನು ಫೋನು ಮಾಡಿದ, ರಾಜ್ಯದ ತನಿಖೆಯವರು ಆ ಹಾಳೆ ತರಿಸಿಕೊಳ್ಳುತ್ತಾರಂತೆ ಎಂದ. ಒಜೆಲ್ಲಾ ಪಕ್ಕದಲ್ಲಿ ನಿಂತು ಹಾಡುತ್ತ, ಯಾರಿಗೂ ಕಾಣದಂತೆ ಗೆಳತಿಯ ಸೊಂಟಕ್ಕೆ ಮೊಣಕೈಯಿಂದ ತಿವಿದಳು. ಆ ಒಂದು ಭಾನುವಾರ ವರ್ಲೀನ್ ಹೊಟ್ಟೆ ತುಂಬ ಊಟ ಮಾಡಿದಳು.

ಮಂಗಳವಾರ ಬೆಳಿಗ್ಗೆ, ಮಕ್ಕಳನ್ನು ಶಾಲೆಗೆ ಇಳಿಸಿ ಬಸ್ಸನ್ನು ಶೆಡ್ಡಿಗೆ ತಂದಾಗ, ಜೆರೆಲ್ ಅಲ್ಲಿ ಕಾಯುತ್ತಿದ್ದ. ಹತ್ತಿ ಬಂದು, ಹಿಂದಿನಿಂದ ಮೂರನೇ ಸಾಲಿನ ಕಿಟಕಿಯ ಪಕ್ಕ, ಹತ್ತು ವರ್ಷ ಕೂತ ಅದೇ ಸೀಟಿನಲ್ಲಿ ಕೂತ. ಮೊಣಕಾಲು ಮುಂದಿನ ಸೀಟಿಗೆ ಒತ್ತುತ್ತಿತ್ತು.

"ಬೆಲ್ಟ್ ಹಾಕ್ಕೋಬೇಕಾ, ಮಿಸ್ ವರ್ಲೀನ್?" ಎಂದ. ನಗಲು ಹೋದ, ಆಗಲಿಲ್ಲ.

"ಏನಾಯ್ತು ಮಗಾ?"

"ನಿನ್ನೆ ಬೆಳಿಗ್ಗೆ ಶೆರಿಫ್ ನಮ್ಮನ್ನೆಲ್ಲ ಕೂರಿಸಿ ನಿಮ್ಮ ಪ್ರೋಗ್ರಾಮ್ ಹಾಕ್ದ. ಯಾರ ದನಿ ಇದು ಅಂದ. ಶಾಲೆ ಬಸ್ಸಿನವಳದು ಅಂದ್ರು. ಅದು ನಂಗೂ ಗೊತ್ತು, ಮಾತು ಯಾರದು ಅಂದ. ಯಾರೂ ಬಾಯಿ ಬಿಡ್ಲಿಲ್ಲ. ನಿಜವಾಗೂ ಯಾರಿಗೂ ಗೊತ್ತಿರ್ಲಿಲ್ಲ, ನಂಗೂ. ಇನ್ನೊಂದ್ಸಲ ಹಾಕ್ದ. ನಾನು ಕಾಫಿ ಬಗ್ಗಿಸ್ಕೋತಾ ಇದ್ದೆ, ಬೆನ್ನು ಆಕಡೆ. ಆಗ..." ಅವನು ಮುಂದಿನ ಸೀಟಿನ ಬೆನ್ನಿಗೆ ಗೆಣ್ಣಿನಿಂದ ಬಡಿದ. ಟಕ್. ಟಕ್. ಟಕ್.

ಅವನು ಮುಂದೆ ಹೇಳುವುದಕ್ಕೆ ಮೊದಲೇ ವರ್ಲೀನಳಿಗೆ ಗೊತ್ತಾಗಿಹೋಯಿತು.

"ಅಂದ್ಬಿಟ್ಯಾ?"

"ಅಂದ್ಬಿಟ್ಟೆ. ಜೋರಾಗೇ ಅಂದೆ. 'ಬಾಗ್ಲು ತೆಗ್ದೇ ಇದೆ, ಬಾರಪ್ಪಾ.' ಅಂದ ಮೇಲೇನೇ ನಂಗೆ ಕೇಳಿಸಿದ್ದು." ಅವನು ಹ್ಯಾಟನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ಎಲ್ರೂ ನಕ್ರು. ಶೆರಿಫ್ ನಗ್ಲಿಲ್ಲ. 'ಯಾರ ಮನೆ ಬಾಗ್ಲು, ಮಗನೇ?' ಅಂದ. ಏನಿಲ್ಲ ಸರ್, ಸುಮ್ನೆ ಅಂದೆ ಅಂದೆ. ಆದ್ರೆ ನಾನು ಯಾರ ಮನೇಲಿ ಉಂಡು ಬೆಳೆದೋನು ಅಂತ ಆ ಕೋಣೇಲಿ ಯಾರಿಗೆ ಗೊತ್ತಿಲ್ಲ ಹೇಳಿ? ಮಧ್ಯಾಹ್ನಕ್ಕೆ ಆಂಟಿ ಒಜೆಲ್ಲಾನ ಕೆಲಸದಿಂದ ತೆಗೆದ್ರು. ಸಂಜೆ ಕಾರ್ವರ್‌ನ ಅವನ ಸೆಲ್ಲಿಂದ ಸಿ ಬ್ಲಾಕಿಗೆ ಹಾಕಿದ್ರು."

ಸಿ ಬ್ಲಾಕ್ ಅಂದರೇನೆಂದು ಊರಿಗೆಲ್ಲ ಗೊತ್ತಿತ್ತು. ಶೆರಿಫ್ ಯಾರ ಮೇಲಾದರೂ ತಾನು ಕೈ ಮಾಡಲು ಇಷ್ಟಪಡದಿದ್ದರೆ ಅಲ್ಲಿಗೆ ಕಳಿಸುತ್ತಿದ್ದ. ಉಳಿದದ್ದನ್ನು ಅಲ್ಲಿದ್ದ ಕೈದಿಗಳು ನೋಡಿಕೊಳ್ಳುತ್ತಿದ್ದರು.

"ನೀನು ಅಲ್ಲೇ ಇರ್ತೀಯಲ್ಲೋ. ನೋಡ್ಕೋಳೋ ಅವನನ್ನ!"

"ನನ್ನ ಪಾಳಿ ಬದಲಾಯಿಸಿದಾರೆ. ರಸ್ತೆ ಮೇಲೆ ಹಾಕಿದಾರೆ." ಅವನು ಎದ್ದ. ಇಳಿಯುವಾಗ ತಿರುಗಿದ. "ಮಿಸ್ ವರ್ಲೀನ್, ನೀವು ಆ ಸದ್ದನ್ನ ಯಾಕಾದ್ರೂ ಹಾಕಿದ್ರಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡಿದ ಮಾತು ಒಂದೂ ತಪ್ಪಿರಲಿಲ್ಲ. ಆಡದೆ ಬಿಟ್ಟ ಒಂದು ನಿಮಿಷ ಮನೆ ಹಾಳುಮಾಡಿತ್ತು. ಸಂಜೆಯ ಪಾಳಿಯಲ್ಲಿ ವರ್ಲೀನ್ ನಲವತ್ತೇಳು ಮಕ್ಕಳನ್ನು ಅವರವರ ಮನೆಗೆ ಮುಟ್ಟಿಸಿದಳು, ಒಂದು ನಿಲ್ದಾಣವನ್ನೂ ಮರೆಯದೆ, ಒಂದು ಮುಖವನ್ನೂ ನೋಡದೆ. ಆಮೇಲೆ ಡಿಪೋ ಬೀದಿಯಲ್ಲಿ ಒಜೆಲ್ಲಾಳ ಮನೆಯ ಮುಂದೆ ಕಾರು ನಿಲ್ಲಿಸಿದಳು. ಆ ಊರಿನಲ್ಲಿ ಕಷ್ಟದ ಮನೆಗೆ ಬರಿಗೈಯಲ್ಲಿ ಹೋಗುವವರಿಲ್ಲ, ಒಂದು ಕೇಕೋ ಗೆಣಸಿನ ಪೈಯೋ ಕೈಯಲ್ಲಿರಬೇಕು. ಅವಳ ಕೈಯಲ್ಲಿ ದಿನವೂ ಹೆಗಲಿಗಿರುವ ರೆಕಾರ್ಡರಿನ ಚೀಲ ಬಿಟ್ಟು ಏನೂ ಇರಲಿಲ್ಲ.

"ಬಾ, ಹೊಲಿಗೆಗಾರ್ತಿ," ಅಂದಳು ಒಜೆಲ್ಲಾ. ಕೂರು ಅನ್ನಲಿಲ್ಲ.

ಮೇಜಿನ ಮೇಲೆ ಹಾಲಿನ ಡಬ್ಬ, ಬೆಣ್ಣೆ, ಅರ್ಧ ಕೋಳಿ, ಉಪ್ಪಿನಕಾಯಿ ಬಾಟಲಿ ಎಲ್ಲ ಹೊರಗೆ ಕೂತಿದ್ದವು. ಬೆಣ್ಣೆ ಕರಗಿ ತಟ್ಟೆಗೆ ಹರಿದಿತ್ತು. ವರ್ಲೀನ್ ಅದನ್ನು ನೋಡಿದಳು, ಆದರೆ ಯಾಕೆಂದು ಯೋಚಿಸುವ ಸ್ಥಿತಿಯಲ್ಲಿರಲಿಲ್ಲ.

"ನಂದೇ ತಪ್ಪು ಕಣೇ."

"ಜೆರೆಲ್ ಫೋನಲ್ಲಿ ಎಲ್ಲ ಹೇಳ್ದ. ಅತ್ತ. ಅವನ ಬಾಯಿಗೆ ಆ ಮಾತು ಹಾಕಿದ್ದು ನಾವೇ ಅಲ್ವಾ, ಅವನೇನು ಮಾಡ್ತಾನೆ. ನಿಂಗೊಂದು ಕೇಳ್ತೀನಿ, ನಿಜ ಹೇಳು." ಒಜೆಲ್ಲಾ ಅವಳ ಕಣ್ಣಲ್ಲಿ ಕಣ್ಣಿಟ್ಟಳು. "ಗೊತ್ತಾಗ್ದೆ ಹಾಕ್ದ್ಯಾ, ಗೊತ್ತಿದ್ದೂ ಹಾಕ್ದ್ಯಾ?"

ಗೊತ್ತಾಗಲಿಲ್ಲ ಅನ್ನಬಹುದಿತ್ತು. ಇಪ್ಪತ್ತೈದು ವರ್ಷ ಕೇಳಿ ಕೇಳಿ ಕಿವಿ ಸತ್ತಿತ್ತು ಅಂದಿದ್ದರೆ ಒಜೆಲ್ಲಾ ನಂಬುತ್ತಿದ್ದಳು, ಬಹುಶಃ ತಬ್ಬಿಕೊಳ್ಳುತ್ತಲೂ ಇದ್ದಳು. ಹತ್ತೊಂಬತ್ತು ವರ್ಷ ಬೇರೆಯವರ ಬಾಯಿಂದ ನಿಜ ಹೊರಡಿಸಿದ ವರ್ಲೀನಳಿಗೆ ಅದು ಆಗಲಿಲ್ಲ.

"ಕೇಳಿಸಿತ್ತು," ಅಂದಳು. "ಚೆನ್ನಾಗಿ ಬಂದಿದೆ ಅಂತ ಬಿಟ್ಟೆ."

ಒಜೆಲ್ಲಾ ತಲೆಯಾಡಿಸಿದಳು, ನಿಧಾನವಾಗಿ, ಅಂಗಡಿಯಲ್ಲಿ ಬೆಲೆ ಕೇಳಿದವಳಂತೆ.

"ಚೆನ್ನಾಗೇ ಬಂದಿತ್ತು. ಇಲ್ಲೇ ಕೂತು ಕೇಳ್ದೆ ನಾನು. ಮೈ ಜುಂ ಅಂತು. ನಮ್ಮ ಫ್ರಿಜ್ಜೇ ತಟ್ತು ಅನ್ಕೊಂಡು ರೇಡಿಯೋ ಮುಂದೆ ಕೂತು ಬಾರಪ್ಪಾ ಅಂದೆ, ಗೊತ್ತಾ? ನಂಗೇ ಹೊಳೀಲಿಲ್ಲ. ದಡ್ಡಿ." ಅವಳ ದನಿ ಒಡೆಯಿತು. "ನನ್ನ ಮಗನಿಗಿಂತ ನಿನ್ನ ಆ ಟಕ್ ಟಕ್ ಹೆಚ್ಚಾಯ್ತೇನೇ ನಿಂಗೆ?"

ಸ್ಟೇಷನ್ನಿನಲ್ಲಿ ಕೂತಿದ್ದ ವರ್ಲೀನಳಿಗೆ ಆ ಕ್ಷಣದಲ್ಲಿ ಹೆಚ್ಚಾಗಿತ್ತು. ಅದನ್ನು ಯಾವ ಬಾಯಲ್ಲಿ ಹೇಳುವುದು? ಅವಳಿಗೆ ನಾಚಿಕೆಯಲ್ಲಿ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಟಕ್. ಟಕ್. ಟಕ್.

ಇಬ್ಬರೂ ಫ್ರಿಜ್ಜಿನ ಕಡೆ ನೋಡಿದರು. ವರ್ಲೀನಳ ತುಟಿ, ಪಾಪಿ ತುಟಿ, ಆಗಲೂ ಅಲುಗಿತು.

"ಅದಲ್ಲ," ಅಂದಳು ಒಜೆಲ್ಲಾ. ಮುಖದಲ್ಲಿ ರಕ್ತ ಉಳಿದಿರಲಿಲ್ಲ. "ಅದರ ಪ್ಲಗ್ ನಿನ್ನೇನೇ ಕಿತ್ತಿದೀನಿ. ಆ ಸದ್ದು ಕೇಳೋಕಾಗ್ಲಿಲ್ಲ."

ಮುಂಬಾಗಿಲಿನಲ್ಲಿ, ಸೊಳ್ಳೆ ತಡೆಯುವ ಬಲೆಯ ಆಚೆ, ಜೆರೆಲ್ ಸಮವಸ್ತ್ರದಲ್ಲಿ ನಿಂತಿದ್ದ. ಹ್ಯಾಟು ಕೈಯಲ್ಲಿತ್ತು. ಹುಟ್ಟಿದಂದಿನಿಂದ ಆ ಮನೆಯ ಬಾಗಿಲನ್ನು ಒಮ್ಮೆಯೂ ತಟ್ಟದವನು ಅವನು. ಒಜೆಲ್ಲಾ ಬಾಗಿಲಿಗೆ ಹೋದಳು. ಬಾ ಅನ್ನಲಿಲ್ಲ. ಇಪ್ಪತ್ತೈದು ವರ್ಷ ಒಂದು ಫ್ರಿಜ್ಜನ್ನು ಒಳಗೆ ಕರೆದ ಮನೆ ಅವನನ್ನು ಜಗಲಿಯಲ್ಲೇ ನಿಲ್ಲಿಸಿತು.

"ಬದುಕಿದಾನೆ ಆಂಟಿ," ಎಂದ ಅವನು ಒಂದೇ ಉಸಿರಿಗೆ. "ಮೊದ್ಲು ಅದನ್ನ ಹೇಳ್ತೀನಿ. ಬದುಕಿದಾನೆ. ಆಸ್ಪತ್ರೇಲಿದಾನೆ. ತಲೆಗೆ ಪೆಟ್ಟು. ಇನ್ನೂ ಕಣ್ಣು ಬಿಟ್ಟಿಲ್ಲ."

ಒಜೆಲ್ಲಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಹೇಗೆ?"

"ಮೆಟ್ಲಿಂದ ಬಿದ್ದ ಅಂತ ಬರ್ದಿದಾರೆ."

"ಎಲ್ಲಿ ಮೆಟ್ಲು?"

"ಸಿ ಬ್ಲಾಕಲ್ಲಿ."

"ಸಿ ಬ್ಲಾಕಲ್ಲಿ ಮೆಟ್ಲಿಲ್ಲ ಜೆರೆಲ್. ದಿನಾ ಗಾಡಿ ತಳ್ಳಿದೀನಿ ನಾನಲ್ಲಿ. ಒಂದೇ ಅಂತಸ್ತು. ಒಂದು ಹೊಸ್ತಿಲು ಕೂಡ ಇಲ್ಲ."

ಜೆರೆಲ್ ನೆಲ ನೋಡಿದ. ನೋಡಲು ಹೋಗಬಹುದೇ ಎಂದು ಒಜೆಲ್ಲಾ ಕೇಳಿದಳು. ಮಂಚಕ್ಕೆ ಸರಪಳಿ ಹಾಕಿದ್ದಾರೆ, ಶೆರಿಫ್ ಸಹಿ ಮಾಡಿದ ಚೀಟಿ ಬೇಕು, ನಾಳೆ ಬೆಳಿಗ್ಗೆಗಿಂತ ಮೊದಲು ಕೊಡುವುದಿಲ್ಲವಂತೆ ಎಂದು ಅವನು ಹೇಳಿದ. ಅವಳು ತಿರುಗಿ ವರ್ಲೀನಳ ಚೀಲದತ್ತ ಕೈಚಾಚಿದಳು, ಮೈಕನ್ನು ತಾನೇ ಎಳೆದು ತೆಗೆದು ಬಲೆಯ ಬಾಗಿಲಿನ ಹತ್ತಿರ ಹಿಡಿದಳು.

"ಈಗ ನಂಗೆ ಹೇಳಿದ್ದನ್ನ ಇದಕ್ಕೆ ಹೇಳು. ನಿನ್ನ ಹೆಸ್ರು ಹೇಳಿ, ಅಲ್ಲಿ ಮೆಟ್ಲಿಲ್ಲ ಅನ್ನು. ಅಷ್ಟೇ ಸಾಕು."

ಜೆರೆಲ್ ಮೈಕನ್ನು ಬಹಳ ಹೊತ್ತು ನೋಡಿದ. ವರ್ಲೀನ್ ಮನಸ್ಸಿನಲ್ಲೇ ಅವನ ಹೆಸರನ್ನು ಅವನ ಬಾಯಿಗೆ ತಳ್ಳುತ್ತಿದ್ದಳು.

"ನಂಗೆ ಎರಡು ಮಕ್ಳಿದಾವೆ ಆಂಟಿ," ಎಂದ.

"ನಂಗೆ ಒಂದೇ," ಅಂದಳು ಒಜೆಲ್ಲಾ.

ಅವನು ಹ್ಯಾಟು ಹಾಕಿಕೊಂಡ. ಜಗಲಿ ಇಳಿದ ಸದ್ದು, ಕಾರಿನ ಬಾಗಿಲು ಮುಚ್ಚಿದ ಸದ್ದು, ಆಮೇಲೆ ದೂರ ಹೋದ ಸದ್ದು ಕೇಳಿಸಿತು. ಅವನನ್ನು ಬೈಯುವುದು ಸುಲಭ. ಉಂಡ ಮನೆಯ ಜಂತಿ ಎಣಿಸಿದವನು ಎಂದು ಆಮೇಲೆ ಊರೆಲ್ಲ ಬೈಯಿತು. ವರ್ಲೀನ್ ಮಾತ್ರ ಬೈಯಲಿಲ್ಲ, ಅವಳಿಗೆ ಆ ಯೋಗ್ಯತೆ ಇರಲಿಲ್ಲ.

ಒಜೆಲ್ಲಾ ಅಡಿಗೆಮನೆಗೆ ಬಂದು ಕುರ್ಚಿ ಎಳೆದು ಕೂತಳು. "ಆನ್ ಮಾಡು."

"ಬೇಡ ಕಣೇ. ಇನ್ನೂ ಅವರ ಕೈಲೇ ಇದಾನೆ ಅವನು. ಈಗ ಸಿಟ್ಟಲ್ಲಿ..."

"ಸಿಟ್ಟಲ್ಲ. ಯೋಚ್ನೆ ಮಾಡೇ ಹೇಳ್ತಿದೀನಿ. ಹೆಸ್ರು ಮುಚ್ಚಿಟ್ಟಿದ್ದಕ್ಕೇ ಅವರು ಕದ್ದು ಹೊಡೆದ್ರು. ನಾಳೆ ಅವನ ಹೆಸ್ರು, ನನ್ನ ಹೆಸ್ರು ಎಲ್ಲರ ಬಾಯಲ್ಲಿದ್ರೆ ಆ ಮಂಚದ ಮೇಲೆ ಎಲ್ಲರ ಕಣ್ಣೂ ಇರುತ್ತೆ. ಕಣ್ಣು ಬಿದ್ದ ಕಡೆ ಕೈ ಮಾಡೋಕೆ ಸ್ವಲ್ಪನಾದ್ರೂ ಹಿಂದೆಮುಂದೆ ನೋಡ್ತಾರೆ. ಉಳೀತಾನೋ ಇಲ್ವೋ ನಂಗೊತ್ತಿಲ್ಲ. ಬೆಳಗಿನ ತನಕ ಇಲ್ಲಿ ಕೂತು ಬೇರೆ ಏನು ಮಾಡ್ಲಿ ಹೇಳು. ಈ ಸಲ ನಿನ್ನ ದನಿ ಬೇಡ. ಕತ್ತರೀನೂ ಬೇಡ. ಶನಿವಾರದ ತನಕ ಕಾಯೋ ಹಾಗೂ ಇಲ್ಲ, ಇವತ್ತೇ ಹಾಕು."

ವರ್ಲೀನ್ ಮೈಕನ್ನು ಮೇಜಿನ ಮೇಲಿಟ್ಟು, ಹಾಲಿನ ಡಬ್ಬವನ್ನು ಪಕ್ಕಕ್ಕೆ ಸರಿಸಿದಳು. ಗುಂಡಿ ಒತ್ತುವಷ್ಟರಲ್ಲಿ ಒಜೆಲ್ಲಾ ತಡಿ ಎಂದು ಎದ್ದಳು. ಗೋಡೆಯ ಪಕ್ಕ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಫ್ರಿಜ್ಜಿನ ಪ್ಲಗ್ಗನ್ನು ಹುಡುಕಿ ಚುಚ್ಚಿದಳು. ಮೋಟಾರು ನರಳಿ ಎದ್ದಿತು.

"ಇದೂ ಕೇಳ್ಲಿ," ಅಂದಳು. "ಯಾರ ಮನೆ ಅಂತ ಈಗ ಎಲ್ರಿಗೂ ಗೊತ್ತಾಗ್ಲಿ."

ವರ್ಲೀನ್ ಗುಂಡಿ ಒತ್ತಿದಳು. ಒಜೆಲ್ಲಾ ಕೂತು, ಮೈಕಿಗೆ ಹತ್ತಿರ ಬಾಗಿ, ಚರ್ಚಿನಲ್ಲಿ ಹಾಡು ಎತ್ತಿಕೊಳ್ಳುವಾಗ ತೆಗೆದುಕೊಳ್ಳುವಷ್ಟೇ ಉಸಿರು ತೆಗೆದುಕೊಂಡಳು.

"ನನ್ನ ಹೆಸ್ರು ಒಜೆಲ್ಲಾ ಗೇನ್ಸ್. ಡಿಪೋ ಬೀದಿ, ಹದಿನಾಲ್ಕನೇ ನಂಬರು. ಜೈಲಿನ ಅಡಿಗೆಮನೇಲಿ ತಟ್ಟೆ ಕೊಡ್ತಿದ್ದೆ. ಕಾರ್ಟ್ರೆಲ್ ಮೀಕ್ಸ್ ನನ್ನ ಕೈಯಿಂದ ಕೊನೇ ತಟ್ಟೆ ಇಸ್ಕೊಂಡ. ನನ್ನ ಮಗ ಕಾರ್ವರ್ ಗೇನ್ಸ್ ಇಲ್ಲದ ಮೆಟ್ಲಿಂದ ಬಿದ್ದಿದಾನೆ. ಎರಡನ್ನೂ ಹೇಳ್ತೀನಿ, ಕೇಳಿ."

ನಲವತ್ತು ನಿಮಿಷ ಹೇಳಿದಳು. ವರ್ಲೀನ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮುಗಿದಾಗ ಗುಂಡಿ ನಿಲ್ಲಿಸಲು ಕೈ ಚಾಚಿದಳು. ಒಜೆಲ್ಲಾ ಆ ಕೈಯನ್ನು ತಡೆದಳು.

"ನಿನ್ನ ನಿಮಿಷ?"

"ಬೇಡ."

"ತಗೋ. ತಗೊಂಡು ಹೋಗು. ಇದನ್ನೂ ಹಾಕು."

ಇಬ್ಬರೂ ಕೂತರು. ವರ್ಲೀನ್ ಗಡಿಯಾರ ನೋಡಲಿಲ್ಲ. ಬೆಣ್ಣೆ ತಟ್ಟೆಯಿಂದ ಮೇಜಿಗೆ ಹರಿಯುತ್ತಿತ್ತು, ಯಾರೂ ಒರೆಸಲಿಲ್ಲ. ಒಂದಿಷ್ಟು ಹೊತ್ತಿಗೆ ಮೋಟಾರು ನಿಂತು, ಫ್ರಿಜ್ ಮೂರು ಸಲ ತಟ್ಟಿತು. ಬಾ ಎಂದು ಯಾರೂ ಕರೆಯಲಿಲ್ಲ.